ಏನಾದ್ರೂ ಆದ್ರೆ ಯಾರು ನೋಡ್ಕೋತಾರೆ? ಜಾಸ್ತಿ ಅಪಾಯದ ಸಂಶೋಧನೆ ಮತ್ತು ಎಥಿಕ್ಸ್ ಕಮಿಟಿ

ಕಡಲೆಕಾಯಿ ಕೀಳುವ ಕಾಲ. ಪಾವಗಡ ಕಡೆಯ ಒಂದು ಹೊಲದಲ್ಲಿ ಸಂಜೆ ಹೊತ್ತಿಗೆ, ಕೂಲಿಗೆ ಬಂದ ಹೆಂಗಸಿನ ಕಾಲಿಗೆ ಕೊಳಕುಮಂಡಲ ಕಚ್ಚುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಡೋಸ್ ಆಗಿ, 108ರಲ್ಲಿ ತುಮಕೂರಿಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದು ಗಂಟೆ. ಕಾಲು ಊದಿಕೊಂಡಿದೆ, ವಸಡಿನಿಂದ ರಕ್ತ ಜಿನುಗುತ್ತಿದೆ. ಡ್ಯೂಟಿ ಡಾಕ್ಟರ್ ಗಂಡನನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ: "ವಿಷಕ್ಕೆ ಇಂಜೆಕ್ಷನ್ ಕೊಡ್ತಾ ಇದ್ದೀವಿ. ಅದರ ಜೊತೆಗೆ ಒಂದು ಹೊಸ ಮಾತ್ರೆಯ ಸ್ಟಡಿ ನಡೀತಿದೆ. ಒಪ್ಪಿಗೆ ಇದ್ರೆ ಇಲ್ಲಿ ಸಹಿ ಹಾಕಿ."

ಈ ಹೆಂಗಸು, ಈ ಮಾತ್ರೆ, ಈ ಸ್ಟಡಿ ಎಲ್ಲವೂ ವಿಷಯ ಬಿಡಿಸಿ ಹೇಳಲು ನಾನು ಕಟ್ಟಿಕೊಂಡವು. ಆದರೆ ಇಂಥ ಸಂಶೋಧನೆ ಬೇಕಿರುವುದಂತೂ ನಿಜ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬುದು 2000ದಿಂದ 2019ರವರೆಗಿನ ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ವಿಷನಿರೋಧಕ ಇಂಜೆಕ್ಷನ್ ನಾಲ್ಕು ಹಾವುಗಳ ವಿಷದ ಮೇಲೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆ ವಿಷ ಬರುವುದು ಬಹುಪಾಲು ತಮಿಳುನಾಡಿನಿಂದ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗುತ್ತದೆ, ಹಾಗಾಗಿ ಇಂಜೆಕ್ಷನ್ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಹೊಸ ಔಷಧಿ ಬೇಕು. ಹೊಸ ಔಷಧಿ ಬೇಕೆಂದರೆ ಅದನ್ನು ಯಾರಾದರೂ ಮೊದಲು ನುಂಗಬೇಕು.

ಯಾರು ನುಂಗಬೇಕು, ಯಾವ ಷರತ್ತಿನ ಮೇಲೆ, ಹೆಚ್ಚುಕಮ್ಮಿ ಆದರೆ ಹೊಣೆ ಯಾರದು? ಇದನ್ನೆಲ್ಲ ಆ ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಡಾಕ್ಟರೂ ಆ ಗಂಡನೂ ನಿಂತುಕೊಂಡು ತೀರ್ಮಾನಿಸಲು ಆಗುವುದಿಲ್ಲ. ತಿಂಗಳುಗಳ ಮೊದಲೇ, ಒಂದು ಮೇಜಿನ ಸುತ್ತ ಕೂತು ತೀರ್ಮಾನಿಸಿರಬೇಕು. ಆ ಮೇಜಿನ ಹೆಸರೇ ಎಥಿಕ್ಸ್ ಕಮಿಟಿ. ಕನ್ನಡದಲ್ಲಿ ನೈತಿಕ ಸಮಿತಿ ಅಂತಲೂ ಬರೆಯುತ್ತಾರೆ. ಆಸ್ಪತ್ರೆಗಳಲ್ಲಿ ಮಾತಾಡುವಾಗ ಎಲ್ಲರೂ ಎಥಿಕ್ಸ್ ಕಮಿಟಿ ಎಂದೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಮೇಜಿನ ಸುತ್ತ ಯಾರು?

ಹೆಸರು ಕೇಳಿದರೆ ಡಾಕ್ಟರುಗಳೇ ಕೂತು ಡಾಕ್ಟರಿಗೆ ಅನುಮತಿ ಕೊಡುವ ವ್ಯವಸ್ಥೆ ಅನ್ನಿಸುತ್ತದೆ, ಅಲ್ವಾ? ನಿಯಮ ಹಾಗಿಲ್ಲ. ಹೊಸ ಔಷಧಿಗಳನ್ನು ಜನರ ಮೇಲೆ ಪರೀಕ್ಷಿಸುವ ಟ್ರಯಲ್‌ಗೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಉಳಿದ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಐಸಿಎಂಆರ್ ಪ್ರಕಾರ 15ಕ್ಕಿಂತ ಹೆಚ್ಚು ಬೇಡ. ಅಧ್ಯಕ್ಷರು ಆ ಸಂಸ್ಥೆಯವರಾಗಿರಬಾರದು, ಹೊರಗಿನವರೇ ಆಗಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಂದಿಯೂ ಹೊರಗಿನವರೇ. ಔಷಧಿ ಟ್ರಯಲ್ ಒಂದನ್ನು ಚರ್ಚೆಗೆ ಎತ್ತಿಕೊಳ್ಳಬೇಕಾದರೆ ಕೋರಂಗೆ 5 ಜನ ಬೇಕು. ಅದೂ ಯಾರೋ ಐದು ಜನ ಸಾಲದು. ಔಷಧಶಾಸ್ತ್ರದಂಥ ವಿಷಯ ಬಲ್ಲ ವೈದ್ಯ ವಿಜ್ಞಾನಿ, ರೋಗಿಗಳನ್ನು ನೋಡುವ ವೈದ್ಯರು, ಕಾನೂನು ಬಲ್ಲವರು, ಸಮಾಜ ವಿಜ್ಞಾನಿ ಅಥವಾ ಅಂಥ ಹಿನ್ನೆಲೆಯವರು, ಜೊತೆಗೆ ಒಬ್ಬ ಸಾಮಾನ್ಯ ಸದಸ್ಯ. ಏಳು ಡಾಕ್ಟರುಗಳು ಬಂದು ವಕೀಲರು ಬರಲಿಲ್ಲ ಅಂದರೆ ಆ ದಿನ ಟ್ರಯಲ್ ಚರ್ಚೆಗೆ ಬರುವಂತಿಲ್ಲ.

ಸಾಮಾನ್ಯ ಸದಸ್ಯ ಅಂದರೆ ವೈದ್ಯಕೀಯ ಗೊತ್ತಿಲ್ಲದ, ಊರಿನ ಜನರ ಕಡೆಯಿಂದ ನೋಡಬಲ್ಲ ಒಬ್ಬರು. ರಿಟೈರ್ಡ್ ಮೇಷ್ಟ್ರು ಆಗಬಹುದು, ಸ್ತ್ರೀಶಕ್ತಿ ಸಂಘ ನಡೆಸುವವರು ಆಗಬಹುದು. ಕೆಲವು ಕಡೆ ಈ ಕುರ್ಚಿಯನ್ನು ಕಾಟಾಚಾರಕ್ಕೆ ತುಂಬಿಸುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿರುವ ಗುಟ್ಟು. ನನ್ನ ಪ್ರಕಾರ, ಜಾಸ್ತಿ ಅಪಾಯದ ಪ್ರಸ್ತಾವ ಬಂದಾಗ ಈ ಕುರ್ಚಿಯಷ್ಟು ಬೆಲೆಯ ಕುರ್ಚಿ ಇನ್ನೊಂದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕಮಿಟಿ ನೋಂದಣಿ ಆಗಿರಬೇಕು. ಔಷಧಿ ಟ್ರಯಲ್ ನೋಡುವ ಕಮಿಟಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಓದಲ್ಲಿ, ಉಳಿದದ್ದು ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ. ಹೊಸ ಔಷಧಿಯಾದರೆ ಕಮಿಟಿಯ ಒಪ್ಪಿಗೆಯೊಂದೇ ಸಾಲದು, ಸಿಡಿಎಸ್‌ಸಿಓ ಅನುಮತಿಯೂ ಬೇಕು.

ಇಲ್ಲಿ ನಮ್ಮ ಜಿಲ್ಲೆಗಳಿಗೆ ಸಂಬಂಧಪಟ್ಟ ಒಂದು ಸಣ್ಣ ನಿಯಮ ಇದೆ. ಒಂದು ಆಸ್ಪತ್ರೆಗೆ ಸ್ವಂತ ಕಮಿಟಿ ಇಲ್ಲದಿದ್ದರೆ ಬೇರೆ ಕಮಿಟಿಯ ಒಪ್ಪಿಗೆ ಪಡೆಯಬಹುದು. ಆದರೆ ಆ ಕಮಿಟಿ ಅದೇ ಊರಲ್ಲಿ ಅಥವಾ 50 ಕಿಲೋಮೀಟರ್ ದೂರದೊಳಗೆ ಇರಬೇಕು. ನಕಾಶೆ ತೆಗೆದು ನೋಡಿ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಅಳೆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಈ ಗೆರೆಯ ಆಚೆ ಬೀಳುತ್ತವೆ. ಯಲಹಂಕ ಕಡೆಯ ಕಮಿಟಿಯಾದರೆ ಚಿಕ್ಕಬಳ್ಳಾಪುರಕ್ಕೆ ಆಗುತ್ತದೆ, ವೈಟ್‌ಫೀಲ್ಡ್ ಕಡೆಯದು ಕೋಲಾರಕ್ಕೆ ಆಗುತ್ತದೆ. ಪಾವಗಡಕ್ಕೆ ಮಾತ್ರ ತುಮಕೂರಿನ ಕಮಿಟಿ ಕೂಡ ಆಗುವುದಿಲ್ಲ, ಅಷ್ಟು ದೂರ. ಸುಮ್ನೆ ಗೆರೆ ಎಳೆದದ್ದಲ್ಲ ಇದು. ರೋಗಿಗೆ ತೊಂದರೆ ಆದರೆ ಕಮಿಟಿಯವರು ಗಾಡಿ ಹತ್ತಿ ಬಂದು ನೋಡುವಷ್ಟು ಹತ್ತಿರ ಇರಬೇಕು ಅಂತ. ಹಾಗಾಗಿ ನಮ್ಮ ಹಾವಿನ ಮಾತ್ರೆಯ ಸ್ಟಡಿ ನಡೆಯುವುದು ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲೇ. ರೋಗಿಗಳು ಮಾತ್ರ ಶಿರಾ, ಮಧುಗಿರಿ, ಪಾವಗಡದಿಂದ ಬರುತ್ತಾರೆ. ಈ ದೂರ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ.

ಎಲ್ಲ ಪ್ರಸ್ತಾವಕ್ಕೂ ಇಷ್ಟು ರಂಪ ಇಲ್ಲ

ಮೆಡಿಕಲ್ ಕಾಲೇಜುಗಳ ಕಮಿಟಿಗಳ ಮುಂದೆ ಬರುವ ಕಡತಗಳಲ್ಲಿ ದೊಡ್ಡ ಪಾಲು ಪಿಜಿ ವಿದ್ಯಾರ್ಥಿಗಳ ಥೀಸಿಸ್. ಹಳೆಯ ಕೇಸ್ ಶೀಟ್ ನೋಡಿ ಲೆಕ್ಕ ಹಾಕುವುದು, ಹೇಗಿದ್ದರೂ ತೆಗೆಯುವ ರಕ್ತದಲ್ಲೇ ಇನ್ನೊಂದು ಪರೀಕ್ಷೆ ಮಾಡುವುದು, ಇಂಥವು. ಐಸಿಎಂಆರ್ ಅಪಾಯವನ್ನು ನಾಲ್ಕು ಮಟ್ಟವಾಗಿ ಭಾಗ ಮಾಡುತ್ತದೆ: ಇಲ್ಲವೇ ಇಲ್ಲ ಅನ್ನುವಷ್ಟು, ದಿನನಿತ್ಯದ ಬದುಕಿನಲ್ಲಿ ಇರುವಷ್ಟು, ಅದಕ್ಕಿಂತ ತುಸು ಹೆಚ್ಚು, ಮತ್ತು ಜಾಸ್ತಿ. ಎಲ್ಲರಿಗೂ ಸಿಗುವ ಸಾರ್ವಜನಿಕ ಅಂಕಿಅಂಶ ಇಟ್ಟುಕೊಂಡು ಮಾಡುವ ಕೆಲಸಕ್ಕೆ ವಿನಾಯಿತಿ ಸಿಗಬಹುದು. ಕಡಿಮೆ ಅಪಾಯದ್ದನ್ನು ಒಬ್ಬಿಬ್ಬರು ಸದಸ್ಯರು ಬೇಗ ನೋಡಿ ಮುಗಿಸಬಹುದು. ಜಾಸ್ತಿ ಅಪಾಯದ್ದು ಮಾತ್ರ ಇಡೀ ಕಮಿಟಿಯ ಮುಂದೆ ಬರಲೇಬೇಕು.

ಯಾವುದು ಜಾಸ್ತಿ ಅಪಾಯ ಎಂದು ಅಳೆಯುವುದರಲ್ಲೇ ತುಂಬಾ ಜನ ಎಡವುತ್ತಾರೆ. ಸೂಜಿ ಚುಚ್ಚಿದರೆ ಅಪಾಯ, ಪ್ರಶ್ನೆ ಕೇಳಿದರೆ ಅಪಾಯ ಇಲ್ಲ ಅನ್ನುವ ಲೆಕ್ಕ ಸರಿ ಬರುವುದಿಲ್ಲ. ಮುಳಬಾಗಿಲಿನ ಒಂದು ಶಾಲೆಯಲ್ಲಿ ಮಕ್ಕಳ ಹಲ್ಲು ನೋಡಿ ಫ್ಲೋರೈಡ್ ಕಲೆ ಎಣಿಸುವುದರಲ್ಲಿ ಹೆಚ್ಚೇನೂ ಅಪಾಯವಿಲ್ಲ. ಅದೇ ತಾಲ್ಲೂಕಿನಲ್ಲಿ, ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಸಾಲವಾಗಿ ಆತ್ಮಹತ್ಯೆ ಮಾಡಿಕೊಂಡ ರೈತನ ಹೆಂಡತಿಯನ್ನು ಎರಡು ಗಂಟೆ ಮಾತಾಡಿಸುವುದು? ಒಂದು ಹನಿ ರಕ್ತ ತೆಗೆಯುವುದಿಲ್ಲ, ಆದರೆ ಆ ರಾತ್ರಿ ಆಕೆ ನಿದ್ದೆ ಮಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಎಚ್‌ಐವಿ ಇರುವವರ ಮನೆ ಮುಂದೆ ಆಸ್ಪತ್ರೆ ಹೆಸರು ಬರೆದ ಜೀಪು ನಿಂತರೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆ ಮನೆಯ ಮಗಳ ಮದುವೆ ಮಾತುಕತೆ ಅಲ್ಲಿಗೇ ಮುರಿಯಬಹುದು. ಇಂಥ ಪ್ರಸ್ತಾವ ಬಂದಾಗ ಕಮಿಟಿ "ಬರೀ ಸಂದರ್ಶನ ತಾನೆ" ಅಂತ ಬಿಡಬಾರದು. ಜೀಪು ಎಲ್ಲಿ ನಿಲ್ಲಿಸುತ್ತೀರಿ? ಮಾತಾಡುವಾಗ ಅತ್ತೆ ಪಕ್ಕದಲ್ಲೇ ಕೂತರೆ ಏನು ಮಾಡುತ್ತೀರಿ? ಆಕೆ ಅಳತೊಡಗಿದರೆ ನಿಮ್ಮ ಹುಡುಗರಿಗೆ ಮುಂದೇನು ಅಂತ ಗೊತ್ತಿದೆಯಾ? ಇಷ್ಟನ್ನಾದರೂ ಕೇಳಬೇಕು.

ಹಾವಿನ ಮಾತ್ರೆಯ ಸ್ಟಡಿ ಯಾವ ಮಟ್ಟ ಎಂಬ ಬಗ್ಗೆ ಚರ್ಚೆಯೇ ಬೇಡ. ಹೊಸ ರಾಸಾಯನಿಕ, ಜೀವ ಹೋಗುವ ಸ್ಥಿತಿಯ ರೋಗಿ, ಯೋಚಿಸಲು ಸಮಯವಿಲ್ಲ, ರೋಗಿಗಳಲ್ಲಿ ಹೆಚ್ಚಿನವರು ಕೂಲಿಯವರು. ಪೂರ್ತಿ ಕಮಿಟಿ ಕೂರಲೇಬೇಕು.

ಎರಡು ಹಳೆಯ ಘಟನೆ

ಕಮಿಟಿಗಳು ಇಷ್ಟು ಕೊಕ್ಕೆ ತೆಗೆಯುತ್ತವಲ್ಲ ಅಂತ ಸಂಶೋಧಕರು ಗೊಣಗುವುದುಂಟು. ಒಂದೊಂದು ಕೊಕ್ಕೆಯ ಹಿಂದೆಯೂ ಯಾರೋ ಅನುಭವಿಸಿದ ನೋವಿದೆ.

2006ರಲ್ಲಿ ಲಂಡನ್‌ನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್1412 ಎಂಬ ಔಷಧಿಯನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಆರು ಆರೋಗ್ಯವಂತ ಗಂಡಸರು. ಪ್ರಾಣಿಗಳಲ್ಲಿ ಏನೂ ಆಗದ ಪ್ರಮಾಣದ 500ನೇ ಒಂದು ಭಾಗ ಮಾತ್ರ ಕೊಟ್ಟದ್ದು. ಆದರೆ ಒಬ್ಬರಾದ ಮೇಲೆ ಒಬ್ಬರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟುಬಿಟ್ಟರು. ಮೊದಲನೆಯವರಿಗೆ ನಡುಕ ಶುರುವಾಗುವ ಹೊತ್ತಿಗೆ ಆರನೆಯವರ ಮೈಗೂ ಔಷಧಿ ಸೇರಿಯಾಗಿತ್ತು. ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು, ಒಬ್ಬರಿಗೆ ಕಾಲ್ಬೆರಳು, ಕೈಬೆರಳ ತುದಿ ಹೋಯಿತು. ಮೊದಲ ವ್ಯಕ್ತಿಗೆ ಕೊಟ್ಟು, ಕಾದು, ನೋಡಿ, ಆಮೇಲೆ ಎರಡನೆಯವರಿಗೆ ಕೊಡಿ ಎಂಬ ಕ್ರಮ ಎಲ್ಲ ಕಡೆ ಬಿಗಿಯಾದದ್ದು ಇದರ ನಂತರ.

ಎರಡನೆಯದು ನಮ್ಮ ಪಕ್ಕದ ರಾಜ್ಯದ್ದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವಿಗೆ ಲಸಿಕೆ ಕಾರಣ ಅಲ್ಲ ಎಂದೇ ತನಿಖೆ ಹೇಳಿತು. ಆದರೆ ಕಡತ ಬಿಚ್ಚಿದಾಗ ಇನ್ನೊಂದು ವಿಷಯ ಹೊರಬಂತು. ಆಶ್ರಮ ಶಾಲೆಗಳಲ್ಲಿದ್ದ ಬುಡಕಟ್ಟು ಹುಡುಗಿಯರ ಪರವಾಗಿ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ ಕಮಿಟಿಗಳ ನೋಂದಣಿ ಕಡ್ಡಾಯವಾಯಿತು, ಟ್ರಯಲ್‌ನಲ್ಲಿ ಹಾನಿಯಾದರೆ ಪರಿಹಾರ ಕೊಡುವ ನಿಯಮವೂ ಬಂತು. ಸಾವಿಗೂ ಲಸಿಕೆಗೂ ಸಂಬಂಧ ಇಲ್ಲದಿದ್ದರೂ ಅಧ್ಯಯನ ತಪ್ಪೇ. ಏನೂ ಅನಾಹುತ ಆಗಲಿಲ್ಲ ಅಂತ ಒಪ್ಪಿಗೆ ಇಲ್ಲದ ಸಂಶೋಧನೆ ಸರಿಯಾಗಿಬಿಡುವುದಿಲ್ಲ.

ಈಗ ನಮ್ಮ ಕಡತ ಬಿಚ್ಚೋಣ

ಸಂಶೋಧಕರು ಬಂದು ವಿವರಿಸುತ್ತಾರೆ, ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಆಮೇಲೆ ಹೊರಗೆ ಹೋಗುತ್ತಾರೆ. ತೀರ್ಮಾನ ಮಾಡುವಾಗ ಅವರು ಒಳಗಿರುವಂತಿಲ್ಲ. ಕಮಿಟಿ ಸದಸ್ಯರೊಬ್ಬರು ಅದೇ ಸ್ಟಡಿಯಲ್ಲಿ ಪಾಲುದಾರರಾಗಿದ್ದರೆ ಅವರೂ ಎದ್ದು ಹೊರನಡೆಯಬೇಕು.

ಮೊದಲ ಪ್ರಶ್ನೆ ವಿಜ್ಞಾನದ್ದು. ಎಷ್ಟು ಜನರನ್ನು ಸೇರಿಸಿಕೊಂಡರೆ ಉತ್ತರ ಸಿಗುತ್ತದೆ ಅನ್ನುವ ಲೆಕ್ಕವೇ ತಪ್ಪಿದ್ದರೆ, ಕೊನೆಗೆ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅಷ್ಟೂ ಜನ ಅಪಾಯ ಹೊತ್ತದ್ದು ನೀರಲ್ಲಿ ಹೋಮ. ಆದ್ದರಿಂದ ಕೆಟ್ಟ ವಿಜ್ಞಾನವೂ ಕಮಿಟಿಯ ಕಣ್ಣಿನಲ್ಲಿ ನೈತಿಕ ತಪ್ಪೇ.

ಎರಡನೆಯದು, ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಖಾಲಿ ಮಾತ್ರೆ ಅಂತ ಪ್ರೋಟೋಕಾಲ್, ಅಂದರೆ ಸ್ಟಡಿ ಹೇಗೆ ನಡೆಸುತ್ತೇವೆ ಅಂತ ಬರೆದಿಟ್ಟ ಯೋಜನೆ, ಹೇಳುತ್ತದೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೇಳಿದ ಕೂಡಲೇ ಹೊಟ್ಟೆ ತೊಳಸಿದ ಹಾಗಾಗುತ್ತದೆ: ಹಾವು ಕಚ್ಚಿದವರಿಗೆ ಖಾಲಿ ಮಾತ್ರೆಯೇ? ಇಲ್ಲಿ ಕಮಿಟಿ ಒಂದೇ ಮಾತು ಖಾತ್ರಿ ಮಾಡಿಕೊಳ್ಳಬೇಕು. ಈಗ ಇರುವ ಇಂಜೆಕ್ಷನ್ ಎರಡೂ ಗುಂಪಿಗೆ ಸಿಗುತ್ತದೆಯೇ, ಸರಿಯಾದ ಪ್ರಮಾಣದಲ್ಲಿ, ತಡವಿಲ್ಲದೆ? ಸಿಗುತ್ತದೆ ಅಂದರೆ ಖಾಲಿ ಮಾತ್ರೆಯ ಗುಂಪಿನವರು ಏನನ್ನೂ ಕಳೆದುಕೊಳ್ಳುವುದಿಲ್ಲ, ಎಲ್ಲರಿಗೂ ಸಿಗುವ ಚಿಕಿತ್ಸೆ ಅವರಿಗೂ ಸಿಕ್ಕಿರುತ್ತದೆ. ಇಂಜೆಕ್ಷನ್ ತಪ್ಪಿಸಿ ಬರೀ ಮಾತ್ರೆ ಕೊಡುತ್ತೇವೆ ಎಂದರೆ ಕಡತ ಅಲ್ಲಿಗೇ ಮುಚ್ಚಬೇಕು.

ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ: ಏನಾದ್ರೂ ಆದ್ರೆ ಯಾರು ನೋಡ್ಕೋತಾರೆ? ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಕಿಡ್ನಿಗೂ ಏಟು ಕೊಡುತ್ತದೆ. ಹೊಸ ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗಬಹುದು ಅಂತ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕಂಡಿದೆ ಅಂದುಕೊಳ್ಳಿ. ಆಗ ಕಮಿಟಿ ಕೇಳಬೇಕಾದ್ದು ತೀರಾ ಸಾದಾ ಪ್ರಶ್ನೆಗಳು. ರಾತ್ರಿ ಎರಡು ಗಂಟೆಗೆ ಡಯಾಲಿಸಿಸ್ ಮಾಡುವ ಟೆಕ್ನಿಶಿಯನ್ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ಐಸಿಯುನಲ್ಲಿ ಬೆಡ್ ಖಾಲಿ ಇಲ್ಲದ ದಿನ ರೋಗಿಯನ್ನು ಸ್ಟಡಿಗೆ ಸೇರಿಸಿಕೊಳ್ಳುತ್ತೀರಾ? ಲಿವರ್ ಪರೀಕ್ಷೆಯ ಅಂಕಿ ಎಷ್ಟು ಏರಿದರೆ ಮಾತ್ರೆ ನಿಲ್ಲಿಸುತ್ತೀರಿ? ಎಷ್ಟು ಜನಕ್ಕೆ ತೊಂದರೆಯಾದರೆ ಇಡೀ ಸ್ಟಡಿಯನ್ನೇ ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಸಂಶೋಧಕರು ಒಬ್ಬರೇ ಉತ್ತರಿಸುವ ಹಾಗಿರಬಾರದು. ಕಂಪನಿಗೂ ಸಂಶೋಧಕರಿಗೂ ಸೇರದ ತಜ್ಞರ ಇನ್ನೊಂದು ಗುಂಪು ಆಗಾಗ ಅಂಕಿಅಂಶ ಬಿಚ್ಚಿ ನೋಡುತ್ತಿರಬೇಕು. ಇದನ್ನು ಡೇಟಾ ಸೇಫ್ಟಿ ಬೋರ್ಡ್ ಅನ್ನುತ್ತಾರೆ. ಕಾರು ಓಡಿಸುವವರ ಪಕ್ಕದ ಸೀಟಿನಲ್ಲಿ ಇನ್ನೊಂದು ಬ್ರೇಕ್ ಇಟ್ಟ ಹಾಗೆ.

ಇಲ್ಲಿಗೆ ಸಾಮಾನ್ಯ ಸದಸ್ಯರ ಸರದಿ. ಪ್ರೋಟೋಕಾಲ್‌ನಲ್ಲಿ ಒಂದು ಸಾಲು ಇರುತ್ತದೆ: ಡಿಸ್ಚಾರ್ಜ್ ಆದ ಮೇಲೆ 7ನೇ, 14ನೇ ಮತ್ತು 28ನೇ ದಿನ ತಪಾಸಣೆಗೆ ಬರತಕ್ಕದ್ದು. ತಜ್ಞರ ಕಣ್ಣು ಆ ಸಾಲಿನ ಮೇಲೆ ನಿಲ್ಲುವುದಿಲ್ಲ. ಪಾವಗಡದ ಬಸ್ಸಿನಲ್ಲಿ ಓಡಾಡಿದವರ ಕಣ್ಣು ನಿಲ್ಲುತ್ತದೆ. ನೂರು ಕಿಲೋಮೀಟರ್ ಆಸುಪಾಸು, ಊದಿದ ಕಾಲಿನಲ್ಲಿ, ಜೊತೆಗೊಬ್ಬರು ಬೇಕು. ಇಬ್ಬರ ಕೂಲಿ ಹೋಯಿತು. ಬಾರದೆ ಉಳಿದರೆ ಲಿವರ್‌ಗೆ ಏನಾಯಿತೋ ಯಾರಿಗೂ ತಿಳಿಯುವುದಿಲ್ಲ, ಅಂದರೆ ಅಪಾಯ ನೋಡಿಕೊಳ್ಳುವ ಇಡೀ ಯೋಜನೆಯೇ ಕಾಗದದ ಮೇಲೆ ಉಳಿಯಿತು. ಬಸ್ ಚಾರ್ಜು, ಊಟ, ಹೋದ ಕೂಲಿ ಕೊಡುವುದು ನ್ಯಾಯ. ಹಾಗಂತ ದುಡ್ಡಿನ ಆಸೆಗೇ ಜನ ಒಪ್ಪುವಷ್ಟು ಮೊತ್ತ ಇಡಬಾರದು. ಎಷ್ಟು ಕೊಡಬೇಕು ಎಂಬುದನ್ನೂ ಕಮಿಟಿಯೇ ನೋಡುತ್ತದೆ.

ಸಹಿ ಯಾರದ್ದು?

ಆರಂಭದಲ್ಲಿ ಡಾಕ್ಟರ್ ಗಂಡನನ್ನು ಪಕ್ಕಕ್ಕೆ ಕರೆದರಲ್ಲ, ಅಲ್ಲೇ ಒಂದು ತಪ್ಪಾಗಿದೆ. ಕೊಳಕುಮಂಡಲ ಕಚ್ಚಿದವರು ಸಾಮಾನ್ಯವಾಗಿ ಎಚ್ಚರ ಇರುತ್ತಾರೆ. ಎಚ್ಚರ ಇದ್ದು ಮಾತು ಅರ್ಥವಾಗುತ್ತಿದ್ದರೆ ಒಪ್ಪಿಗೆ ಕೊಡಬೇಕಾದವಳು ಆ ಹೆಂಗಸೇ. ಹಾವು ಕಚ್ಚಿದ್ದು ಹೆಂಡತಿಗೆ, ಸಹಿ ಮಾತ್ರ ಗಂಡನದ್ದು ಅನ್ನುವುದು ನಮ್ಮ ಕಡೆ ಎಷ್ಟು ಸಹಜ ಅಂದರೆ ಯಾರಿಗೂ ಅದು ತಪ್ಪು ಅನ್ನಿಸುವುದೇ ಇಲ್ಲ. ಆಕೆಗೆ ಪ್ರಜ್ಞೆ ಇಲ್ಲದಿದ್ದರೆ ಮಾತ್ರ ಕಾನೂನಿನ ಪ್ರಕಾರ ಅವಳ ಪರವಾಗಿ ನಿಲ್ಲಬಹುದಾದವರು ಸಹಿ ಹಾಕಬಹುದು. ಎಚ್ಚರ ಬಂದ ಮೇಲೆ ಅವಳನ್ನೇ ಮತ್ತೆ ಕೇಳಬೇಕು.

ಆಕೆಗೆ ಓದು ಬರಹ ಬಾರದಿದ್ದರೆ? ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯುವುದಿಲ್ಲ. ಸ್ಟಡಿಗೆ ಸಂಬಂಧಪಡದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿದ್ದು, ಹೇಳಿದ್ದು ಕೇಳಿಸಿಕೊಂಡು, ತಾನೂ ಸಹಿ ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಅಂಥವರು ಎಲ್ಲಿ ಸಿಗುತ್ತಾರೆ? ಅದೇ ವಾರ್ಡಿನ ಸಿಸ್ಟರ್ ಸ್ಟಡಿಯ ಸಂಬಳ ಪಡೆಯುತ್ತಿದ್ದರೆ ಅವರು ಆಗುವುದಿಲ್ಲ. ಪ್ರಸ್ತಾವದಲ್ಲಿ ಇದಕ್ಕೆ ಉತ್ತರ ಬರೆದಿರಬೇಕು. ಹೊಸ ರಾಸಾಯನಿಕದ ಟ್ರಯಲ್‌ನಲ್ಲಿ ಇಂಥ ದುರ್ಬಲ ಸ್ಥಿತಿಯವರನ್ನು ಸೇರಿಸಿಕೊಂಡರೆ ಒಪ್ಪಿಗೆಯ ಇಡೀ ಮಾತುಕತೆಯನ್ನು ವಿಡಿಯೋ ಮಾಡಿಡಬೇಕು ಎಂಬ ನಿಯಮವೂ ಇದೆ.

ಭಾಷೆಯದ್ದೂ ಒಂದು ತೊಡಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಗಡಿಯಲ್ಲಿ, ಶಾಲೆಯಲ್ಲಿ ಕನ್ನಡ ನಡೆಯುತ್ತದೆ, ನೋವಿನಲ್ಲಿರುವಾಗ ತಲೆಗೆ ಹೋಗುವುದು ಮನೆ ಮಾತು. ಕನ್ನಡದ ಫಾರಂ ಒಂದೇ ಇಟ್ಟುಕೊಂಡು ಕೂತರೆ ಸಾಲದು. ತೆಲುಗು ಬೇಕು, ಉರ್ದು ಬೇಕು. ಮತ್ತೆ ಆ ಕನ್ನಡವಾದರೂ ಹೇಗಿರುತ್ತದೆ? ಇಂಥ ಫಾರಂಗಳಲ್ಲಿ ಕಾಣುವ ಧಾಟಿ ಇದು: "ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂಪಡೆಯುವಿಕೆಗೆ ಅವಕಾಶವಿರುತ್ತದೆ. 10 ಎಂಎಲ್ ಸಿರೆಯ ರಕ್ತವನ್ನು ಸಂಗ್ರಹಿಸಲಾಗುವುದು." ಕಮಿಟಿ ಇದನ್ನು ವಾಪಸ್ ಕಳಿಸಿ ಬರೆಸಬೇಕಾದ್ದು ಹೀಗೆ: "ಸೇರುವುದು ಬಿಡುವುದು ನಿಮ್ಮ ಇಷ್ಟ. ಬೇಡ ಅಂದರೂ ಹಾವಿನ ಇಂಜೆಕ್ಷನ್ ನಿಲ್ಲಿಸುವುದಿಲ್ಲ. ಈಗ ಒಪ್ಪಿ ನಾಳೆ ಬೇಡ ಅನ್ನಬಹುದು. ಕೈಯಿಂದ ಎರಡು ಟೀ ಚಮಚದಷ್ಟು ರಕ್ತ ತೆಗೆಯುತ್ತೇವೆ." ಎರಡನೆಯದನ್ನು ಜೋರಾಗಿ ಓದಿ ಹೇಳಿದರೆ ಮುಗಿಯಿತು. ಮೊದಲನೆಯದನ್ನು ಓದಿದವರಿಗೇ ಇನ್ನೊಮ್ಮೆ ಓದಬೇಕಾಗುತ್ತದೆ.

ಸಮಯದ ಸಮಸ್ಯೆ ಇನ್ನೂ ಕಷ್ಟದ್ದು. ಹಾವು ಕಚ್ಚಿದವರು ಬಂದಾಗ ಎರಡು ಎಂಎಲ್ ರಕ್ತವನ್ನು ಒಣ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಅಂತ. ನಮ್ಮ ಕಡತದ ಸಂಶೋಧಕರು ಜಾಣತನದಿಂದ "ಈ 20 ನಿಮಿಷದಲ್ಲೇ ಒಪ್ಪಿಗೆ ಪಡೆಯುತ್ತೇವೆ" ಅಂತ ಬರೆದಿದ್ದಾರೆ ಅಂದುಕೊಳ್ಳಿ. ಮೇಲ್ನೋಟಕ್ಕೆ ಒಳ್ಳೆಯ ಉಪಾಯ. ಆದರೆ ಆ ಹೊತ್ತಿನಲ್ಲಿ ಮನೆಯವರ ಕಣ್ಣೆಲ್ಲ ಆ ಕೊಳವೆಯ ಮೇಲೆ. ಬಿಳಿ ಕೋಟು ಹಾಕಿದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಅದರಲ್ಲೂ ಕೇಳುತ್ತಿರುವವರು ಜೀವ ಉಳಿಸುತ್ತಿರುವ ಡಾಕ್ಟರೇ ಆಗಿದ್ದರೆ, ಬೇಡ ಅಂದರೆ ಸರಿಯಾಗಿ ನೋಡಿಕೊಳ್ಳಲಿಕ್ಕಿಲ್ಲ ಅನ್ನುವ ಭಯ. ಮಾತ್ರೆ ಬೇಗ ಕೊಡದಿದ್ದರೆ ಪ್ರಯೋಜನವೂ ಇಲ್ಲ. ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ಯಾರ ಹತ್ತಿರವೂ ಇಲ್ಲ. ಕಮಿಟಿ ಮಾಡಬಹುದಾದದ್ದು ಇಷ್ಟು: ಚಿಕಿತ್ಸೆ ಕೊಡುವ ಡಾಕ್ಟರ್ ಬೇರೆ, ಒಪ್ಪಿಗೆ ಕೇಳುವವರು ಬೇರೆ ಇರಲಿ. ಕಾನೂನು ಕೇಳುವುದನ್ನೆಲ್ಲ ಬಿಡದೆ, ಆದರೆ ಚಿಕ್ಕ ವಾಕ್ಯಗಳಲ್ಲಿ ಹೇಳಲಿ. ಮಾರನೆಯ ದಿನ, ರೋಗಿ ಸುಧಾರಿಸಿಕೊಂಡು ಕೂತಾಗ, ಎಲ್ಲವನ್ನೂ ಮೊದಲಿನಿಂದ ವಿವರಿಸಿ ಮುಂದುವರಿಯಲು ಇಷ್ಟವೇ ಎಂದು ಮತ್ತೆ ಕೇಳಲಿ. ಮೊದಲ ದಿನ ಹೂಂ ಅಂದವರಲ್ಲಿ ಎಷ್ಟು ಜನ ಎರಡನೆಯ ದಿನ ಬೇಡ ಅಂದರು ಎಂಬ ಲೆಕ್ಕವನ್ನೂ ಕಮಿಟಿಗೆ ಕೊಡಲಿ. ಆ ಲೆಕ್ಕ ಸೊನ್ನೆಯೇ ಬರುತ್ತಿದ್ದರೆ ನನಗಂತೂ ಅನುಮಾನ ಬರುತ್ತದೆ.

ನಾಮಿನಿ ಕಾಲಂ ಮತ್ತು ದುಡ್ಡು

ಒಪ್ಪಿಗೆ ಪತ್ರದಲ್ಲಿ ಓದು, ಉದ್ಯೋಗ, ವಾರ್ಷಿಕ ಆದಾಯದ ಜೊತೆಗೆ ನಾಮಿನಿಯ ಹೆಸರು, ವಿಳಾಸ ಕೇಳುವ ಕಾಲಂ ಇರುತ್ತದೆ. ಬ್ಯಾಂಕ್ ಫಾರಂ ಇದ್ದ ಹಾಗಿದೆಯಲ್ಲ ಅಂತ ಜನ ಬರೆದು ಬಿಡುತ್ತಾರೆ. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಹೋಗಬೇಕು ಅಂತ ಕೇಳುವ ಕಾಲಂ ಅದು. ಒಪ್ಪಿಗೆ ಕೇಳುವವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಟ್ರಯಲ್‌ನಲ್ಲಿ ಹಾನಿಯಾದರೆ ಮೊದಲಿಗೆ ಬೇಕಾದಷ್ಟು ಕಾಲ, ಅಥವಾ ಹಾನಿ ಟ್ರಯಲ್‌ನಿಂದ ಆದದ್ದಲ್ಲ ಅಂತ ಖಚಿತವಾಗುವವರೆಗೆ, ಉಚಿತ ಚಿಕಿತ್ಸೆ. ಹಾನಿ ಟ್ರಯಲ್‌ನಿಂದಲೇ ಆದದ್ದು ಅಂತ ಖಚಿತವಾದರೆ ಅದರ ಮೇಲೆ ಪರಿಹಾರ. ಸಾವಿನ ಪರಿಹಾರಕ್ಕೆ ಸೂತ್ರ ಇದೆ: 8 ಲಕ್ಷವನ್ನು ವಯಸ್ಸಿನ ಅಂಶದಿಂದಲೂ, ಕಾಯಿಲೆಯ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುವುದು. ಅಪಾಯದ ಅಂಶ 0.5ರಿಂದ 4ರವರೆಗೆ. ತೀರಾ ಕೊನೆಯ ಹಂತದ ರೋಗಿಗೆ 0.5, ಆರೋಗ್ಯವಂತ ಸ್ವಯಂಸೇವಕರಿಗೆ 4. ನಮ್ಮ ಹೆಂಗಸಿಗೆ 40 ವರ್ಷ ಅಂದುಕೊಳ್ಳಿ. ಆ ವಯಸ್ಸಿನ ಅಂಶ 184.17. ಅಪಾಯದ ಅಂಶ 2 ಅಂತ ಹಿಡಿದರೆ ಸುಮಾರು 29.65 ಲಕ್ಷ ರೂಪಾಯಿ. 3 ಅಂತ ಹಿಡಿದರೆ 44 ಲಕ್ಷ ದಾಟುತ್ತದೆ. ಒಂದು ಅಂಕಿ ಆಚೀಚೆ ಆದರೆ ಹದಿನೈದು ಲಕ್ಷದ ವ್ಯತ್ಯಾಸ ನೋಡಿ. ಸೂತ್ರದಲ್ಲಿ ಆದಾಯಕ್ಕೆ ಜಾಗವೇ ಇಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ. ಕೂಲಿಯವಳ ಜೀವಕ್ಕೂ ಎಂಜಿನಿಯರ್ ಜೀವಕ್ಕೂ ಇಲ್ಲಿ ಒಂದೇ ಲೆಕ್ಕ.

ಹೊಸ ಔಷಧಿಯ ಟ್ರಯಲ್‌ನಲ್ಲಿ ಈ ದುಡ್ಡನ್ನು ಕೊಡಬೇಕಾದವರು ಸ್ಟಡಿ ನಡೆಸುವ ಪ್ರಾಯೋಜಕರು. ಅವರ ಹತ್ತಿರ ಇನ್ಶೂರೆನ್ಸ್ ಇದೆಯಾ, ಎಷ್ಟರದ್ದು, ಎಷ್ಟು ವರ್ಷದ್ದು ಅಂತ ಕಮಿಟಿಯ ವಕೀಲರು ಪಾಲಿಸಿ ಕಾಗದವನ್ನೇ ತರಿಸಿ ನೋಡಬೇಕು.

ಒಪ್ಪಿಗೆ ಕೊಟ್ಟ ಮೇಲೆ

ಇಷ್ಟೆಲ್ಲ ಆದ ಮೇಲೆ ಕಮಿಟಿ ಒಪ್ಪಬಹುದು, ತಿದ್ದಿ ತನ್ನಿ ಅನ್ನಬಹುದು, ಆಗುವುದಿಲ್ಲ ಅನ್ನಬಹುದು. ಜಾಸ್ತಿ ಅಪಾಯದ ಸ್ಟಡಿ ಮೊದಲ ಸಭೆಯಲ್ಲೇ ಹಾಗೇ ಪಾಸ್ ಆಯಿತು ಅಂದರೆ ಯಾರೋ ಸರಿಯಾಗಿ ಓದಿಲ್ಲ ಅಂತಲೇ ನನ್ನ ಅನಿಸಿಕೆ.

ಒಪ್ಪಿಗೆ ಪತ್ರ ಟೈಪ್ ಆದ ಕೂಡಲೇ ಕಮಿಟಿಯ ಕೆಲಸ ಮುಗಿಯಿತು ಅನ್ನುವ ಭಾವನೆ ಇದೆ. ನಮ್ಮ ವ್ಯವಸ್ಥೆ ಸೋಲುವುದು ಹೆಚ್ಚಾಗಿ ಇಲ್ಲೇ. ರೋಗಿಗೆ ಗಂಭೀರ ತೊಂದರೆ ಆದರೆ ಸಂಶೋಧಕರು 24 ಗಂಟೆಯೊಳಗೆ ಕಮಿಟಿಗೆ, ಪ್ರಾಯೋಜಕರಿಗೆ, ಸಿಡಿಎಸ್‌ಸಿಓಗೆ ತಿಳಿಸಬೇಕು. 14 ದಿನದೊಳಗೆ ವಿವರವಾದ ವರದಿ ಕೊಡಬೇಕು. ಕಮಿಟಿ 30 ದಿನದೊಳಗೆ ತನ್ನ ಅಭಿಪ್ರಾಯ ಹೇಳಬೇಕು: ಇದು ಮಾತ್ರೆಯಿಂದ ಆಯಿತೇ, ಹಾವಿನ ವಿಷದಿಂದಲೇ ಆಯಿತೇ, ಪರಿಹಾರ ಎಷ್ಟು? ಹಾವು ಕಚ್ಚಿದವರ ಕಿಡ್ನಿ ಹೇಗಿದ್ದರೂ ಕೆಡಬಹುದಲ್ಲ, ಆದ್ದರಿಂದ "ವಿಷದಿಂದ ಆದದ್ದು" ಅಂತ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆಗ ಕೇಸ್ ಶೀಟ್ ತರಿಸಿ, ಮಾತ್ರೆ ಕೊಟ್ಟ ಗಂಟೆ, ಮೂತ್ರ ಕಡಿಮೆಯಾದ ಗಂಟೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಸದಸ್ಯರು ಬೇಕು. ವರ್ಷಕ್ಕೊಮ್ಮೆಯಾದರೂ ಸ್ಟಡಿಯನ್ನು ಮತ್ತೆ ಪರಿಶೀಲಿಸಬೇಕು. ವಾರ್ಡಿಗೇ ಹೋಗಿ, ಒಪ್ಪಿಗೆಯ ವಿಡಿಯೋ ಹಾಕಿಸಿ ನೋಡಬಹುದು. ಸರಿ ಕಾಣದಿದ್ದರೆ ಒಪ್ಪಿಗೆ ವಾಪಸ್ ತೆಗೆದುಕೊಂಡು ಸ್ಟಡಿಯನ್ನು ನಿಲ್ಲಿಸುವ ಅಧಿಕಾರವೂ ಇದೆ. ಆದರೆ ಸದಸ್ಯರೆಲ್ಲ ಬೇರೆ ಕೆಲಸ ಇರುವವರು. ಆಫೀಸಿನಲ್ಲಿ ಒಬ್ಬ ಕ್ಲರ್ಕ್ ಕೂಡ ಪೂರ್ತಿ ಹೊತ್ತಿಗೆ ಇಲ್ಲದ ಕಮಿಟಿ ಇದನ್ನೆಲ್ಲ ಮಾಡುತ್ತದೆ ಅಂತ ನಂಬುವುದು ಕಷ್ಟ. ಸಂಸ್ಥೆಗಳು ದುಡ್ಡು ಖರ್ಚು ಮಾಡಬೇಕಾದ್ದು ಸಭೆಯ ದಿನದ ಗೋಡಂಬಿ, ಕಾಫಿಗಿಂತ ಜಾಸ್ತಿ ಈ ಕೆಲಸಕ್ಕೆ.

ನಿಮ್ಮ ಮನೆಯವರನ್ನೇ ಯಾರಾದರೂ ಸ್ಟಡಿಗೆ ಸೇರುತ್ತೀರಾ ಅಂತ ಕೇಳಿದರೆ ಹೆದರಬೇಕಾಗಿಲ್ಲ, ಕಣ್ಣು ಮುಚ್ಚಿ ಒಪ್ಪಬೇಕಾಗಿಯೂ ಇಲ್ಲ. ಸಿಟಿಆರ್‌ಐ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಟ್ರಯಲ್‌ನ ಹೆಸರು ಇದೆಯಾ ನೋಡಿ. 2009ರಿಂದ ಟ್ರಯಲ್‌ಗಳ ನೋಂದಣಿ ಅಲ್ಲಿ ಕಡ್ಡಾಯ, ಮೊಬೈಲ್‌ನಲ್ಲೇ ಹುಡುಕಬಹುದು. ಯಾವ ಕಮಿಟಿ ಒಪ್ಪಿಗೆ ಕೊಟ್ಟಿದೆ ಎಂಬುದೂ ಅಲ್ಲಿರುತ್ತದೆ. ಸಹಿ ಹಾಕಿದ ಪತ್ರದ ಪ್ರತಿ ಕೇಳಿ ಇಸ್ಕೊಳ್ಳಿ, ಅದು ನಿಮ್ಮ ಹಕ್ಕು. ಮಾಹಿತಿ ಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಎರಡು ಫೋನ್ ನಂಬರ್ ಇರುತ್ತವೆ. ಒಂದು ಸಂಶೋಧಕರದ್ದು, ಇನ್ನೊಂದು ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯದ್ದು. ಎರಡನೆಯದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಮಾಡಿ, ಬೇಕಾದರೆ ಸಹಿ ಹಾಕುವ ಮೊದಲೇ ಮಾಡಿ.